ಮಾತಿಲ್ಲದ ಪುಟಗಳು: ನಿಮಗೆ ಯಾವ ಪುಸ್ತಕ, ಯಾವ ಕಾಮಿಕ್ಸ್ ಇಷ್ಟ? ಯಾಕೆ?

ಹಾಳೆಹಕ್ಕಿ

ನಿನಗೆ ಯಾವ ಪುಸ್ತಕ ಇಷ್ಟ ಅಂತ ಯಾರಾದರೂ ಕೇಳಿದರೆ ನಾನು ನಾಲ್ಕು ಹೆಸರು ಹೇಳಿ ಸುಮ್ಮನಾಗುತ್ತಿದ್ದೆ. ಆದರೆ ಬರೀ ಹೆಸರಿನಿಂದ ಏನೂ ಗೊತ್ತಾಗುವುದಿಲ್ಲ ಅಲ್ವಾ? ಒಂದೇ ಕಾದಂಬರಿಯನ್ನು ಒಬ್ಬರು ಕಥೆಗಾಗಿ ಓದುತ್ತಾರೆ. ಇನ್ನೊಬ್ಬರು ಅದರಲ್ಲಿ ಎರಡೇ ಪುಟ ಬಂದುಹೋಗುವ ಒಬ್ಬ ಅಜ್ಜಿಗಾಗಿ ಓದುತ್ತಾರೆ. ಹಾಗಾಗಿ ಈ ಸಲ ಯಾಕೆ ಇಷ್ಟ ಅನ್ನುವುದನ್ನೇ ಬರೆಯುತ್ತೇನೆ. ನೀವೂ ಬರೆಯಿರಿ.

ನಾನು ಚಿಕ್ಕಂದಿನಿಂದ ಕಾಮಿಕ್ಸ್ ಓದುತ್ತಾ ಬೆಳೆದವಳು. ತುಂಬಾ ಬೇಗ ಓದುತ್ತಿದ್ದೆ. 62 ಪುಟದ ಟಿನ್‌ಟಿನ್ ಪುಸ್ತಕ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಆಗ ನಾನು ನಿಜವಾಗಿ ಓದುತ್ತಿದ್ದದ್ದು ಪಾತ್ರಗಳ ಬಾಯಿಯ ಪಕ್ಕದ ಬಲೂನಿನೊಳಗಿನ ಮಾತು ಮಾತ್ರ. ಯಾರು ಮಾತಾಡುತ್ತಿದ್ದಾರೆ ಅಂತ ಗೊತ್ತಾಗುವಷ್ಟು ಚಿತ್ರ ನೋಡಿದರೆ ಸಾಕಿತ್ತು.

ಆ ಓದನ್ನು ಬದಲಿಸಿದ್ದು ಅಕ್ಕನ ಮಗಳು. ಆಗ ಅವಳಿಗೆ ನಾಲ್ಕು ವರ್ಷ. ಅಕ್ಷರ ಇನ್ನೂ ಬಂದಿರಲಿಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಾನ್ ಟ್ಯಾನ್ ಅವರ ‘ದಿ ಅರೈವಲ್’ ತೆರೆದೆ. 2006ರಲ್ಲಿ ಬಂದ ಪುಸ್ತಕ. ಇಡೀ ಪುಸ್ತಕದಲ್ಲಿ ಓದುವಂಥ ಒಂದು ಮಾತೂ ಇಲ್ಲ. ಒಬ್ಬ ಮನುಷ್ಯ ಹೆಂಡತಿ, ಮಗಳನ್ನು ಬಿಟ್ಟು ದೂರದ ದೇಶಕ್ಕೆ ಹೋಗುತ್ತಾನೆ. ಆ ದೇಶದ ಲಿಪಿ, ಪ್ರಾಣಿ, ಹಣ್ಣು, ಎಲ್ಲವೂ ಟ್ಯಾನ್ ಅವರ ಕಲ್ಪನೆಯವು. ಬೋರ್ಡಿನ ಮೇಲೆ ಏನು ಬರೆದಿದೆ ಅಂತ ಅವನಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಅವನ ಪಾಡು ಏನು ಅಂತ ವಿವರಿಸುವ ಗೋಜಿಗೇ ಹೋಗದೆ ನಮ್ಮನ್ನೂ ಅದೇ ಪಾಡಿಗೆ ತಳ್ಳಿಬಿಡುತ್ತಾರೆ.

ನಾನು ಪುಟ ತಿರುಗಿಸಲು ಹೋದೆ. ಅವಳು ನನ್ನ ಕೈ ಹಿಡಿದಳು. ಒಂದು ಕಡೆ ಪುಟದ ತುಂಬ ಸಣ್ಣ ಸಣ್ಣ ಚೌಕಗಳಲ್ಲಿ ಬರೀ ಮೋಡಗಳಿವೆ. ನಾನಾಗಿದ್ದರೆ ಒಂದು ಕ್ಷಣ ನೋಡಿ ದಾಟುತ್ತಿದ್ದೆ. ಅವಳು ಒಂದೊಂದರ ಮೇಲೂ ಬೆರಳಿಟ್ಟಳು. ‘ಚಿಕ್ಕಮ್ಮಾ, ಇದು ಒಂದು ದಿನ, ಇದು ಇನ್ನೊಂದು ದಿನಾನಾ?’ ಅಂತ ಕೇಳಿದಳು. ಹೌದು, ಹಡಗಿನ ಪ್ರಯಾಣ ಎಷ್ಟು ಉದ್ದ ಇತ್ತು ಅನ್ನುವುದು ಅಲ್ಲಿ ಮೋಡಗಳಲ್ಲಿದೆ. ಅವಳು ಕೈ ಹಿಡಿಯದಿದ್ದರೆ ನನಗೆ ಆ ಪ್ರಯಾಣ ಒಂದು ಸೆಕೆಂಡಿನದಾಗಿರುತ್ತಿತ್ತು.

ಆಮೇಲೆ ಕೊನೆಯ ಹತ್ತಿರ ಒಂದು ಪುಟ ಬಂತು. ಒಂಬತ್ತು ಚೌಕಗಳಲ್ಲಿ ಮನೆಯ ಒಂಬತ್ತು ಸಾಮಾನು. ಅವಳು ‘ಇದು ಮೊದಲೇ ಬಂತು’ ಅಂದಳು. ಸರಸರ ಹಿಂದಕ್ಕೆ ತಿರುಗಿಸಿ ಮೊದಲ ಪುಟ ತೋರಿಸಿದಳು. ಅಲ್ಲೂ ಒಂಬತ್ತು ಚೌಕ: ಮಡಿಸಿದ ಕಾಗದದ ಹಕ್ಕಿ, ಗಡಿಯಾರ, ಟೋಪಿ, ಹೀಗೆ. ಬಿಟ್ಟು ಬಂದ ಮನೆ ಒಂದು ಕಡೆ, ಹೊಸದಾಗಿ ಕಟ್ಟಿಕೊಂಡ ಮನೆ ಇನ್ನೊಂದು ಕಡೆ. ಕಥೆಯ ಮೊದಲೂ ಕೊನೆಯೂ ಆ ಸಾಮಾನುಗಳಲ್ಲೇ ಇದ್ದವು. ಇಷ್ಟು ವರ್ಷ ಓದಿದ ಕಾಮಿಕ್ಸ್‌ಗಳಲ್ಲಿ ನಾನು ಏನೇನು ನೋಡದೆ ಬಿಟ್ಟಿದ್ದೇನೋ ಅಂತ ಆ ಸಂಜೆ ನಿಜಕ್ಕೂ ಸಂಕಟವಾಯಿತು. ಮನೆಯಲ್ಲಿದ್ದ ಒಂದೊಂದೇ ಕಾಮಿಕ್ಸ್ ತೆಗೆದು ಮತ್ತೆ ನಿಧಾನವಾಗಿ ಓದಲು ಶುರು ಮಾಡಿದೆ.

ಸ್ಕಾಟ್ ಮೆಕ್ಲೌಡ್ 1993ರಲ್ಲಿ ಕಾಮಿಕ್ಸ್ ಬಗ್ಗೆಯೇ ಒಂದು ಕಾಮಿಕ್ಸ್ ಬರೆದರು. ಅದರಲ್ಲಿ ಅವರು ಎರಡು ಚೌಕಗಳ ನಡುವಿನ ಖಾಲಿ ಜಾಗದ ಬಗ್ಗೆ ಬಹಳ ಹೇಳುತ್ತಾರೆ. ಒಂದು ಚೌಕದಲ್ಲಿ ಕೊಡಲಿ ಎತ್ತಿದ ಮನುಷ್ಯ. ಮುಂದಿನ ಚೌಕದಲ್ಲಿ ರಾತ್ರಿಯ ಊರು, ಒಂದು ಚೀರಾಟ. ಏಟು ಬಿದ್ದದ್ದು ಎಲ್ಲಿಯೂ ಬರೆದಿಲ್ಲ. ಆ ಏಟು ಹಾಕಿದ್ದು ಓದಿದವರೇ. ಇದನ್ನು ಓದಿದಾಗ ನನ್ನ ರುಚಿ ಏನು ಅನ್ನುವುದು ನನಗೇ ಸ್ಪಷ್ಟವಾಯಿತು. ನನಗೆ ಆ ಖಾಲಿ ಜಾಗ ಇಷ್ಟ. ಅದನ್ನು ನಂಬಿ ನನಗೆ ಬಿಟ್ಟುಕೊಡುವವರು ಇಷ್ಟ.

ಚಿತ್ರವಿಲ್ಲದ ಪುಸ್ತಕಗಳಲ್ಲೂ ಈಗ ಅದನ್ನೇ ಹುಡುಕುತ್ತೇನೆ. ತೇಜಸ್ವಿಯವರ ‘ಕರ್ವಾಲೊ’ 1980ರದು. ಎಷ್ಟೋ ಜನ ಅದನ್ನು ನಗುವಿಗಾಗಿ ಓದುತ್ತಾರೆ, ನಾನೂ ನಕ್ಕಿದ್ದೇನೆ. ಆದರೆ ನನ್ನನ್ನು ಮತ್ತೆ ಮತ್ತೆ ಎಳೆಯುವುದು ಅದರ ಕೊನೆ. ಅಷ್ಟು ಜನ ಅಷ್ಟು ದೂರ ಹುಡುಕಿಕೊಂಡು ಹೋದ ಹಾರುವ ಓತಿ ಕೈಗೆ ಸಿಗದೆ ಹೋಗುತ್ತದೆ. ಅಲ್ಲಿಂದ ಮುಂದಕ್ಕೆ ಒಂದು ದೊಡ್ಡ ಖಾಲಿ ಚೌಕ ಇದ್ದ ಹಾಗೆ ನನಗೆ ಕಾಣುತ್ತದೆ.

ಇಷ್ಟವಾಗದ್ದು ಯಾವುದು ಅಂತಲೂ ಹೇಳಿಬಿಡುತ್ತೇನೆ. ಚಿತ್ರದಲ್ಲಿ ಒಬ್ಬ ಬಾಗಿಲು ತೆರೆಯುತ್ತಿದ್ದಾನೆ, ಮೇಲಿನ ಪಟ್ಟಿಯಲ್ಲಿ ‘ಅವನು ಬಾಗಿಲು ತೆರೆದನು’ ಅಂತ ಬರೆದಿದೆ. ಇಂಥ ಕಡೆ ನನಗೆ ಪುಸ್ತಕ ಮುಚ್ಚಿಡಬೇಕು ಅನ್ನಿಸುತ್ತದೆ. ಕಾದಂಬರಿಯಲ್ಲೂ ಅಷ್ಟೇ. ಅತ್ತವಳು ಯಾಕೆ ಅತ್ತಳು ಅಂತ ಎರಡು ಪ್ಯಾರಾ ಬಂದರೆ ಅವಳ ಅಳು ನನ್ನ ಪಾಲಿಗೆ ಹೋಯಿತು.

ತಿರುವುಪುಟ

ಬಹಳ ಚೆನ್ನಾಗಿ ಬರೆದಿದ್ದೀರಿ. ಆದರೆ ನಾನು ಒಪ್ಪುವುದಿಲ್ಲ. ನನಗೆ ಕಾಮಿಕ್ಸ್ ಅಂದರೆ ಮೊದಲು ಮಾತು. ಮಾತಿಲ್ಲದ ಪುಸ್ತಕ ನನಗೆ ಯಾರೂ ಇಲ್ಲದ ಮನೆಗೆ ಹೋದ ಹಾಗೆ.

ನನ್ನ ಪ್ರಾಣ ಅಂದರೆ ಫ್ರೆಂಚ್ ಕಾಮಿಕ್ಸ್ ಆಸ್ಟರಿಕ್ಸ್. 1959ರ ಅಕ್ಟೋಬರ್ 29ರಂದು ‘ಪಿಲೋಟ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಶುರುವಾದದ್ದು. ಬರೆದವರು ಗೊಸಿನಿ, ಚಿತ್ರ ಊಡರ್ಜೊ. ಒಂದು ಹೆಸರು ಸಾಕು, ನಾನು ಒಂದು ನಿಮಿಷ ಪುಟ ತಿರುಗಿಸದೆ ಕೂರುತ್ತೇನೆ. ಫ್ರೆಂಚಿನಲ್ಲಿ ಅದರ ನಾಯಿಮರಿಯ ಹೆಸರು ಇದೆಫಿಕ್ಸ್. ಒಂದೇ ಯೋಚನೆಯನ್ನು ಕಚ್ಚಿ ಹಿಡಿಯುವುದಕ್ಕೆ ಆ ಭಾಷೆಯಲ್ಲಿರುವ ಮಾತನ್ನೇ ಹೆಸರು ಮಾಡಿದ್ದಾರೆ. ಇಂಗ್ಲಿಷಿಗೆ ತಂದ ಆಂಥಿಯಾ ಬೆಲ್ ಮತ್ತು ಡೆರೆಕ್ ಹಾಕ್ರಿಜ್ ಅದನ್ನು ಡಾಗ್‌ಮ್ಯಾಟಿಕ್ಸ್ ಮಾಡಿದರು. ಹಟದ ಅರ್ಥವೂ ಉಳಿಯಿತು, ಅದರೊಳಗೆ ನಾಯಿಯೂ ಬಂತು. ಇದು ಮೂಲಕ್ಕಿಂತ ಒಂದು ಕೈ ಮೇಲು ಅಂತ ನನ್ನ ಅಭಿಪ್ರಾಯ.

1977ರಲ್ಲಿ ಗೊಸಿನಿ ತೀರಿಕೊಂಡರು. ಆಮೇಲೆ ಊಡರ್ಜೊ ಒಬ್ಬರೇ ಬರೆದು ಚಿತ್ರ ಹಾಕಿದ ಪುಸ್ತಕಗಳನ್ನೂ ಓದಿದ್ದೇನೆ. ಕೈ ಅದೇ, ಗೆರೆ ಅದೇ. ಆದರೂ ನನಗೆ ಏನೋ ಕಡಿಮೆ ಆಗುತ್ತದೆ. ಕಡಿಮೆ ಆದದ್ದು ಮಾತು. ಚಿತ್ರವೇ ಎಲ್ಲವೂ ಆಗಿದ್ದರೆ ನನಗೆ ಹಾಗೆ ಅನ್ನಿಸಬಾರದಿತ್ತು.

ಹಾಳೆಹಕ್ಕಿ

ತಿರುವುಪುಟ ಅವರೇ, ನಾನು ಮಾತು ಬೇಡ ಅನ್ನಲಿಲ್ಲ. ಹೇಳಿದ್ದನ್ನೇ ಮತ್ತೆ ಹೇಳುವ ಮಾತು ಬೇಡ ಅಂದೆ. ಗೊಸಿನಿ ಚಿತ್ರದಲ್ಲಿ ಇಲ್ಲದ್ದನ್ನು ಹೇಳುತ್ತಾರೆ. ಅವರ ಮಾತು ನನಗೂ ಬೇಕು.

ಗೊಸಿನಿ ನಂತರದ ಪುಸ್ತಕಗಳ ಬಗ್ಗೆ ನೀವು ಹೇಳಿದ್ದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಅದು ಸರಿಯೇ.

ನೀಲಿಶಾಯಿ

ನಾನು ಮನೆಯ ಮಕ್ಕಳಿಗಾಗಿ ಕಾಮಿಕ್ಸ್‌ಗಳನ್ನು ಕನ್ನಡ ಮಾಡುತ್ತೇನೆ. ಬಿಳಿ ಕಾಗದದ ತುಂಡು ಕತ್ತರಿಸಿ, ಬರೆದು, ಬಲೂನಿನ ಮೇಲೆ ಅಂಟಿಸುವುದು. ಹಲವು ವರ್ಷದಿಂದ ಮಾಡುತ್ತಿದ್ದೇನೆ. ಹಾಗಾಗಿ ನಾನು ಮಾತನ್ನೂ ಚಿತ್ರದ ಹಾಗೆ ನೋಡುತ್ತೇನೆ. ಯಾಕೆ ಅಂತ ಹೇಳುತ್ತೇನೆ.

ಬಲೂನಿನ ಅಳತೆ ಮೊದಲೇ ಗೊತ್ತಾಗಿಬಿಟ್ಟಿರುತ್ತದೆ. ಅದನ್ನು ದೊಡ್ಡದು ಮಾಡಿದರೆ ಹಿಂದಿನ ಚಿತ್ರ ಮುಚ್ಚಿಹೋಗುತ್ತದೆ. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಸಾಮಾನ್ಯವಾಗಿ ಎಲ್ಲವೂ ದೊಡ್ಡಕ್ಷರ, ಮೇಲಕ್ಕೂ ಕೆಳಕ್ಕೂ ಏನೂ ಚಾಚುವುದಿಲ್ಲ. ಸಾಲುಗಳನ್ನು ಒತ್ತೊತ್ತಾಗಿ ಪೇರಿಸಬಹುದು. ನಮ್ಮಲ್ಲಿ ಹಾಗಲ್ಲ. ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ‘ಸ್ವಾತಂತ್ರ್ಯ’ ಅಂತ ಬರೆದು ನೋಡಿ. ಒಂದೇ ಪದ ಕೆಳಗಿನ ಸಾಲಿನ ಜಾಗವನ್ನೂ ತಿಂದುಬಿಡುತ್ತದೆ. ಇಂಗ್ಲಿಷಿನ ಐದು ಸಾಲು ಇದ್ದ ಕಡೆ ನನಗೆ ಮೂರು, ಹೆಚ್ಚೆಂದರೆ ನಾಲ್ಕು ಸಾಲು ಹಿಡಿಯುತ್ತದೆ. ಹಾಗಾಗಿ ಒತ್ತು ಕಡಿಮೆ ಇರುವ ಪದ ಹುಡುಕಲು ಶುರು ಮಾಡಿದೆ. ‘ಪ್ರಯತ್ನಿಸು’ ಹೋಗಿ ‘ನೋಡು’ ಬಂತು. ‘ಶೀಘ್ರವಾಗಿ’ ಹೋಗಿ ‘ಬೇಗ’ ಬಂತು. ಜಾಗ ಸಾಲದೆ ಮಾಡಿದ್ದು. ಆದರೆ ಮಾತು ಬಾಯಿಗೆ ಹತ್ತಿರ ಬಂತು. ಈಗ ಯಾವ ಅನುವಾದ ಓದಿದರೂ ನನ್ನ ಕಿವಿ ಅಲ್ಲಿಗೇ ಹೋಗುತ್ತದೆ: ಮನುಷ್ಯರು ಹೀಗೆ ಮಾತಾಡುತ್ತಾರಾ?

ಸದ್ದಿನ ಪದಗಳ ವಿಷಯದಲ್ಲಿ ಮಾತ್ರ ನಾವು ತುಂಬಾ ಸಿರಿವಂತರು. ಢಮಾರ್, ಧಡಾರ್, ಟಣ್, ಪಟಪಟ, ಜುಳುಜುಳು, ಗಿರಗಿರ. ಸದ್ದಿಲ್ಲದ್ದಕ್ಕೂ ನಮ್ಮಲ್ಲಿದೆ. ಜಪಾನೀ ಕಾಮಿಕ್ಸ್‌ನಲ್ಲಿ ಯಾರೂ ಮಾತಾಡದ ಚೌಕದಲ್ಲಿ ‘ಶೀನ್’ ಅಂತ ಬರೆದಿರುತ್ತಾರೆ. ಮೌನದ ಸದ್ದು ಅದು. ಅದನ್ನು ಕನ್ನಡಕ್ಕೆ ಹೇಗೆ ತರುವುದು ಅಂತ ಒಂದು ದಿನ ಪೂರ್ತಿ ಯೋಚಿಸಿದೆ. ‘ನಿಶ್ಶಬ್ದ’ ಅಂತ ಬರೆದೆ. ಬರೀ ಬೋರ್ಡು ಹಾಕಿದ ಹಾಗೆ ಕಂಡಿತು. ಆಮೇಲೆ ಹೊಳೆಯಿತು. ನಾವು ‘ಮನೆ ಬಿಕೋ ಅನ್ನುತ್ತಿತ್ತು’ ಅಂತೀವಲ್ಲ. ಆ ‘ಬಿಕೋ’ ಎರಡೇ ಅಕ್ಷರ. ಖಾಲಿ ಕೋಣೆಯ ಗೋಡೆಯ ಮೇಲೆ ಸಣ್ಣಗೆ ಬರೆದೆ. ಕತ್ತಲೆಯ ಚೌಕ ಆಗಿದ್ದರೆ ‘ಗವ್’ ಬರೆಯುತ್ತಿದ್ದೆ. ಗವ್ವೆನ್ನುವ ಕತ್ತಲು. ಎರಡೂ ಮೌನವೇ, ಆದರೆ ಬೇರೆ ಬೇರೆ ಮೌನ. ಆ ದಿನ ನನಗಾದ ಖುಷಿ ಯಾವ ದೊಡ್ಡ ಕಾದಂಬರಿ ಓದಿದಾಗಲೂ ಆಗಿಲ್ಲ.

ಹಾಳೆಹಕ್ಕಿ

ನೀಲಿಶಾಯಿ ಅವರೇ, ‘ಬಿಕೋ’ ಓದಿ ಮೈ ಜುಮ್ ಅಂದಿತು. ಅಷ್ಟು ದಿನದಿಂದ ಆಡುತ್ತಿರುವ ಮಾತು, ಅದು ಮೌನದ ಸದ್ದು ಅಂತ ನನಗೆ ಹೊಳೆದೇ ಇರಲಿಲ್ಲ.

ಸಂಜೆಓದು

ನಾನು ಈಗ ಎಲ್ಲವನ್ನೂ ಫೋನಿನಲ್ಲೇ ಓದುತ್ತೇನೆ. ಒಂದು ಸಲಕ್ಕೆ ಒಂದೇ ಚೌಕ ದೊಡ್ಡದಾಗಿ ಬರುತ್ತದೆ. ಅಕ್ಷರ ಚೆನ್ನಾಗಿ ಕಾಣುತ್ತದೆ, ಕಣ್ಣಿಗೆ ಹಿತ. ಇದರಿಂದ ಏನಾದರೂ ತಪ್ಪಿಹೋಗುತ್ತಿದೆಯಾ?

ಮಡಿಚಿದಪುಟ

ಸಂಜೆಓದು, ಹೌದು, ಜಾಸ್ತಿ ತಪ್ಪಿಹೋಗುತ್ತದೆ. ಕಾಮಿಕ್ಸ್ ಬರೆಯುವವರಿಗೆ ಚೌಕದ ಜೊತೆಗೆ ಇಡೀ ಪುಟವೂ ಒಂದು ಚಿತ್ರ. ಒಂದು ಉದಾಹರಣೆ ಹೇಳುತ್ತೇನೆ. ‘ವಾಚ್‌ಮೆನ್’ 1986-87ರಲ್ಲಿ ಹನ್ನೆರಡು ಸಂಚಿಕೆಗಳಾಗಿ ಬಂತು. ಬರೆದವರು ಅಲನ್ ಮೂರ್, ಚಿತ್ರ ಡೇವ್ ಗಿಬ್ಬನ್ಸ್. ಹೆಚ್ಚಿನ ಪುಟಗಳು ಮೂರು ಸಾಲು, ಸಾಲಿಗೆ ಮೂರು ಚೌಕದ ಲೆಕ್ಕದಲ್ಲಿವೆ. ಐದನೆಯ ಸಂಚಿಕೆಯಲ್ಲಿ ಮೊದಲ ಪುಟದ ಜೋಡಣೆ ಕೊನೆಯ ಪುಟದಲ್ಲಿ ಕನ್ನಡಿಯೊಳಗಿನ ಹಾಗೆ ತಿರುಗಿ ಬರುತ್ತದೆ. ಎರಡನೆಯದು ಕೊನೆಯಿಂದ ಎರಡನೆಯದಕ್ಕೆ. ಹೀಗೆ ಇಡೀ ಸಂಚಿಕೆ ನಡುವಿನಿಂದ ಮಡಿಚುತ್ತದೆ. ಒಂದೊಂದೇ ಚೌಕ ನೋಡುತ್ತಾ ಹೋದರೆ ಇದು ಕಣ್ಣಿಗೆ ಬೀಳುವ ಹಾಗೇ ಇಲ್ಲ.

ಇನ್ನೊಂದು, ರಿಚರ್ಡ್ ಮೆಗ್ವಾಯರ್ ಅವರ ‘ಹಿಯರ್’. 1989ರಲ್ಲಿ ಬರೀ ಆರು ಪುಟ ಇತ್ತು. 2014ರಲ್ಲಿ ದೊಡ್ಡ ಪುಸ್ತಕವಾಯಿತು. ಪುಸ್ತಕದುದ್ದಕ್ಕೂ ಒಂದೇ ಕೋಣೆಯ ಒಂದೇ ಮೂಲೆ. ಆದರೆ ಪುಟದೊಳಗೆ ಸಣ್ಣ ಸಣ್ಣ ಕಿಟಕಿಗಳು ತೆರೆದು, ಒಂದೊಂದರಲ್ಲಿ ಬೇರೆ ಬೇರೆ ವರ್ಷ ಕಾಣುತ್ತದೆ. ಆ ಮನೆ ಕಟ್ಟುವುದಕ್ಕೆ ಸಾವಿರಾರು ವರ್ಷ ಹಿಂದೆ ಅಲ್ಲಿ ಏನಿತ್ತು, ಮುಂದೆ ಏನಿರುತ್ತದೆ, ಎಲ್ಲವೂ ಒಟ್ಟಿಗೆ. ಪುಸ್ತಕದ ಮಡಿಕೆ ಕೋಣೆಯ ಮೂಲೆಗೆ ಸರಿಯಾಗಿ ಕೂರುತ್ತದೆ. ಇದನ್ನು ಕೈಯಲ್ಲಿ ಹಿಡಿದೇ ಓದಬೇಕು.

ನನ್ನದೊಂದು ಪ್ರಶ್ನೆ ಇದೆ. ನಾನು ಮಾಂಗಾ, ಅಂದರೆ ಜಪಾನೀ ಕಾಮಿಕ್ಸ್, ಓದಲು ಈಚೆಗೆ ಶುರು ಮಾಡಿದೆ. ಬಲದಿಂದ ಎಡಕ್ಕೆ ಓದುವುದು ನನಗೆ ಬಹಳ ಕಷ್ಟ. ಮೊದಲೆಲ್ಲ ಪುಟವನ್ನು ತಿರುಗಿಸಿ ಎಡದಿಂದ ಬಲಕ್ಕೆ ಅಚ್ಚು ಮಾಡುತ್ತಿದ್ದರಂತೆ. ಅದನ್ನೇ ಮುಂದುವರಿಸಿದ್ದರೆ ಚೆನ್ನಾಗಿರುತ್ತಿತ್ತು ಅಲ್ವಾ?

ನೀಲಿಶಾಯಿ

ಇಲ್ಲ, ಬೇಡ. ಪುಟವನ್ನು ಕನ್ನಡಿಯ ಹಾಗೆ ತಿರುಗಿಸಿದರೆ ಎಲ್ಲರೂ ಎಡಗೈಯಲ್ಲಿ ಕತ್ತಿ ಹಿಡಿಯುತ್ತಾರೆ. ಅದನ್ನಾದರೂ ಸಹಿಸಬಹುದು. ಕಿಮೋನೋದ ವಿಷಯ ಹಾಗಲ್ಲ. ಜಪಾನಿನಲ್ಲಿ ಅದನ್ನು ಎಡಭಾಗ ಮೇಲೆ ಬರುವ ಹಾಗೆ ಸುತ್ತಿಕೊಳ್ಳುತ್ತಾರೆ. ಬಲಭಾಗ ಮೇಲೆ ಬರುವ ಹಾಗೆ ಸುತ್ತುವುದು ತೀರಿಕೊಂಡವರಿಗೆ. ಪುಟ ತಿರುಗಿಸಿದ ಕೂಡಲೇ ಬದುಕಿರುವ ಅಷ್ಟೂ ಜನಕ್ಕೆ ಹೆಣದ ಉಡುಗೆ ಆಯಿತು. ಅದನ್ನು ಬರೆದ ಕೈಗೆ ಎಷ್ಟು ನೋವಾಗಬೇಡ!

2002ರ ಸುಮಾರಿಗೆ ಇಂಗ್ಲಿಷ್ ಪ್ರಕಾಶಕರೂ ತಿರುಗಿಸುವುದನ್ನು ಬಿಡತೊಡಗಿದರು. ನೀವು ಎರಡು ಪುಸ್ತಕ ತಾಳ್ಮೆಯಿಂದ ಓದಿ. ಮೂರನೆಯದಕ್ಕೆ ಕಣ್ಣು ತಾನಾಗಿ ಬಲದಿಂದ ಹೊರಡುತ್ತದೆ.

ಹಾಳೆಹಕ್ಕಿ

ಮಡಿಚಿದಪುಟ ಅವರೇ, ಮಾಂಗಾ ಓದುವಾಗ ಇನ್ನೊಂದು ಗಮನಿಸಿ. ಮೆಕ್ಲೌಡ್ ಒಂದು ಚೌಕದಿಂದ ಇನ್ನೊಂದಕ್ಕೆ ಹೋಗುವ ದಾರಿಗಳನ್ನು ಆರು ಬಗೆ ಮಾಡುತ್ತಾರೆ. ಅದರಲ್ಲಿ ಒಂದರಲ್ಲಿ ಸಮಯ ಮುಂದೆ ಹೋಗುವುದೇ ಇಲ್ಲ. ಒಂದೇ ಜಾಗದ ಬೇರೆ ಬೇರೆ ತುಣುಕುಗಳ ಮೇಲೆ ಕಣ್ಣು ಸುಮ್ನೆ ಅಲೆಯುತ್ತದೆ. ಮರದ ತುದಿ, ಒದ್ದೆ ಮೆಟ್ಟಿಲು, ಯಾರದೋ ಚಪ್ಪಲಿ. ಇದು ಅಮೆರಿಕದ ಮತ್ತು ಯುರೋಪಿನ ಕಾಮಿಕ್ಸ್‌ಗಿಂತ ಜಪಾನೀ ಕಾಮಿಕ್ಸ್‌ನಲ್ಲಿ ಹೆಚ್ಚು ಅಂತ ಅವರು ಎಣಿಸಿ ತೋರಿಸಿದ್ದಾರೆ. ನನಗೆ ಮಾಂಗಾ ಇಷ್ಟವಾಗಲು ಇದೇ ದೊಡ್ಡ ಕಾರಣ. ತೆಜುಕಾ ಅವರ ‘ಬುದ್ಧ’ದಲ್ಲಿ ಓಟ, ಹೊಡೆದಾಟ, ತಮಾಷೆ ಎಲ್ಲ ಇವೆ. 1972ರಿಂದ 1983ರವರೆಗೆ ಬರೆದದ್ದು. ನಡುನಡುವೆ ಬಯಲು, ಕಾಡು, ಆಕಾಶ ಮಾತ್ರ ಇರುವ ಪುಟಗಳು ಬರುತ್ತವೆ. ಅಲ್ಲಿ ಉಸಿರು ಬಿಡಬಹುದು.

ಕಪಾಟುಮೂಲೆ

ಶಾಲೆಯಲ್ಲಿದ್ದಾಗ ಒಬ್ಬ ಮೇಷ್ಟ್ರು ನನ್ನ ಕೈಯಿಂದ ಕಾಮಿಕ್ಸ್ ಕಿತ್ತುಕೊಂಡು ‘ಓದೋದಾದ್ರೆ ಪುಸ್ತಕ ಓದು’ ಅಂದಿದ್ದರು. ಅದು ಇನ್ನೂ ಮನಸ್ಸಿನಲ್ಲಿ ಉಳಿದಿದೆ. ಈಗ ಯಾರಾದರೂ ಹಾಗೆ ಹೇಳಿದರೆ ನಾನು ‘ಮೌಸ್’ ತೋರಿಸುತ್ತೇನೆ. ಆರ್ಟ್ ಸ್ಪೀಗಲ್‌ಮನ್ ತಮ್ಮ ತಂದೆ ನಾಜಿ ಶಿಬಿರದಿಂದ ಬದುಕಿ ಬಂದ ಕಥೆಯನ್ನು ಯಹೂದಿಗಳನ್ನು ಇಲಿ, ಜರ್ಮನ್ನರನ್ನು ಬೆಕ್ಕು ಮಾಡಿ ಬರೆದರು. 1992ರಲ್ಲಿ ಅದಕ್ಕೆ ವಿಶೇಷ ಪುಲಿಟ್ಜರ್ ಪ್ರಶಸ್ತಿ ಬಂತು. ಕಾಮಿಕ್ಸ್ ಸಾಹಿತ್ಯ ಅಲ್ಲ ಅನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಾ?

ಹಾಳೆಹಕ್ಕಿ

ಕಪಾಟುಮೂಲೆ ಅವರೇ, ನಿಮ್ಮ ನೋವು ಅರ್ಥವಾಗುತ್ತದೆ. ‘ಮೌಸ್’ ನನಗೂ ತುಂಬಾ ಮುಖ್ಯವಾದ ಪುಸ್ತಕ. ಆದರೆ ಉತ್ತರವಾಗಿ ಪ್ರಶಸ್ತಿ ತೋರಿಸುವುದು ನನಗೆ ಸರಿ ಕಾಣುವುದಿಲ್ಲ. ಹಾಗೆ ಮಾಡಿದರೆ ಆ ಮೇಷ್ಟ್ರ ಮಾತನ್ನು ಅರ್ಧ ಒಪ್ಪಿಕೊಂಡ ಹಾಗಾಗುತ್ತದೆ. ಗಂಭೀರ ವಿಷಯ ಇದ್ದರೆ ಮಾತ್ರ, ಪದಕ ಬಂದರೆ ಮಾತ್ರ ಕಾಮಿಕ್ಸ್ ಓದಬಹುದು ಅಂತಾಗುತ್ತದೆ. ನಿಮ್ಮ ಕೈಯಿಂದ ಕಿತ್ತುಕೊಂಡ ಆ ಪುಸ್ತಕ ಏನಾಗಿತ್ತೋ, ಅದೂ ಓದೇ ಆಗಿತ್ತು.

‘ಮೌಸ್’ನಲ್ಲಿ ನಾನು ಗಮನಿಸಿದ್ದು ಬೇರೆ. ಸಾಮಾನ್ಯವಾಗಿ ಚಿತ್ರವನ್ನು ದೊಡ್ಡದಾಗಿ ಬರೆದು ಅಚ್ಚಿನಲ್ಲಿ ಚಿಕ್ಕದು ಮಾಡುತ್ತಾರೆ. ಆಗ ಗೆರೆ ಚೊಕ್ಕ ಕಾಣುತ್ತದೆ. ಸ್ಪೀಗಲ್‌ಮನ್ ಅಚ್ಚಾಗುವ ಅಳತೆಯಲ್ಲೇ ಬರೆದರು. ಹಾಗಾಗಿ ಅದು ಯಾರದೋ ಡೈರಿಯ ಪುಟದ ಹಾಗೆ ಕಾಣುತ್ತದೆ. ಕೈ ನಡುಗಿದ್ದೂ ಕಾಣುತ್ತದೆ. ಅಪ್ಪ ಹೇಳಿದ್ದನ್ನು ಮಗ ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿರುವ ಹಾಗೆ.

ಹಾಗೇ ನಗಿಸುವ ಕಾಮಿಕ್ಸ್‌ನಲ್ಲೂ ಇಡೀ ಬದುಕು ಇರಬಹುದು. ಚಾರ್ಲ್ಸ್ ಶುಲ್ಜ್ 1950ರ ಅಕ್ಟೋಬರ್ 2ರಂದು ‘ಪೀನಟ್ಸ್’ ಶುರು ಮಾಡಿದರು. ಸುಮಾರು ಐವತ್ತು ವರ್ಷ, ಪತ್ರಿಕೆಯಲ್ಲಿ ಬರುವ ಸಣ್ಣ ಕಾಮಿಕ್ಸ್ ಪಟ್ಟಿ ಒಟ್ಟು 17,897, ಎಲ್ಲವನ್ನೂ ತಾವೇ ಬರೆದರು. ಅವರು ತೀರಿಕೊಂಡದ್ದು 2000ದ ಫೆಬ್ರವರಿ 12ರ ರಾತ್ರಿ. ಕೊನೆಯ ಪಟ್ಟಿ ಮರುದಿನದ ಪತ್ರಿಕೆಯಲ್ಲಿ ಬಂತು. ಅಲ್ಲಿ ಬರುವ ಚಾರ್ಲಿ ಬ್ರೌನ್ ಎಂಬ ಹುಡುಗ ಎಷ್ಟು ಸಲ ಸೋತರೂ ಮರುದಿನ ಮತ್ತೆ ಆಟಕ್ಕೆ ಬರುತ್ತಾನೆ. ದಿನಕ್ಕೆ ನಾಲ್ಕು ಚೌಕದಲ್ಲಿ ಇದನ್ನು ಹೇಳುವುದು ಸಣ್ಣ ಕೆಲಸ ಅಲ್ಲ.

ಕಪಾಟುಮೂಲೆ

ನಾನು ಹಾಗೆ ಯೋಚಿಸಿರಲಿಲ್ಲ. ಕಿತ್ತುಕೊಂಡದ್ದು ಒಂದು ಪತ್ತೇದಾರಿ ಕಾಮಿಕ್ಸ್. ಕೊನೆ ಏನಾಯಿತು ಅಂತ ಇವತ್ತಿಗೂ ಗೊತ್ತಿಲ್ಲ.

ಸಂಜೆಓದು

‘ಹಿಯರ್’ ಕಾಗದದಲ್ಲೇ ತರಿಸಿಕೊಂಡೆ. ಮಡಿಕೆಯ ವಿಷಯ ನಿಜ. ಪುಸ್ತಕ ಅರ್ಧ ತೆರೆದು ಹಿಡಿದರೆ ಕೋಣೆಯೊಳಗೆ ಇಣುಕಿದ ಹಾಗೇ ಆಗುತ್ತದೆ.

ಮಡಿಚಿದಪುಟ

ಒಂದು ಕಷ್ಟದ ವಿಷಯ ಎತ್ತುತ್ತೇನೆ. ಹಾಳೆಹಕ್ಕಿ ಅವರು ಟಿನ್‌ಟಿನ್ ಅಂದರು. ನಾನು ದೊಡ್ಡವನಾದ ಮೇಲೆ ಆ ಸರಣಿಯ ಕಾಂಗೋ ಪುಸ್ತಕ ಓದಿ ಬಹಳ ಬೇಸರಪಟ್ಟೆ. ಆಫ್ರಿಕಾದ ಜನರನ್ನು ಹಾಗೆ ತೋರಿಸಬಹುದಾ? ಅದಾದ ಮೇಲೆ ಆ ಸರಣಿಯನ್ನೇ ಮುಟ್ಟಲು ಮನಸ್ಸಾಗಲಿಲ್ಲ. ನೀವು ಹೇಗೆ ಓದುತ್ತೀರಿ?

ಹಾಳೆಹಕ್ಕಿ

ನಿಮಗೆ ಬೇಸರವಾದದ್ದು ಸರಿ. ಆ ಪುಸ್ತಕವನ್ನು ನಾನು ಸಮರ್ಥಿಸುವುದಿಲ್ಲ, ಮಕ್ಕಳ ಕೈಗೂ ಕೊಡುವುದಿಲ್ಲ. ಟಿನ್‌ಟಿನ್ ಶುರುವಾದದ್ದು 1929ರ ಜನವರಿಯಲ್ಲಿ. ಕಾಂಗೋ ಎರಡನೆಯ ಕಥೆ. ಆಗ ಕಾಂಗೋ ಬೆಲ್ಜಿಯಂನ ಹಿಡಿತದಲ್ಲಿತ್ತು. ಬರೆದ ಎರ್ಜೆ ಅಲ್ಲಿಗೆ ಹೋಗಿಯೇ ಇರಲಿಲ್ಲ. ಸುತ್ತಲಿನವರು ಹೇಳಿದ್ದನ್ನೇ ನಂಬಿ ಬರೆದರು. ಅದು ಕಾರಣ, ಕ್ಷಮೆಗೆ ಸಾಲುವುದಿಲ್ಲ.

ಆದರೂ ನಾನು ಆ ಸರಣಿಯನ್ನು ಬಿಡದೆ ಇರುವುದಕ್ಕೆ ಚಾಂಗ್ ಚೊಂಗ್‌ರೆನ್ ಕಾರಣ. 1934ರಲ್ಲಿ ಎರ್ಜೆ ಚೀನಾದ ಬಗ್ಗೆ ಬರೆಯಲು ಹೊರಟಾಗ ಬ್ರಸೆಲ್ಸ್‌ನಲ್ಲಿ ಕಲೆ ಓದುತ್ತಿದ್ದ ಈ ಚೀನೀ ವಿದ್ಯಾರ್ಥಿಯ ಪರಿಚಯವಾಯಿತು. ಅವರು ತಮ್ಮ ದೇಶ ಹೇಗಿದೆ ಅಂತ ಕೂತು ವಿವರಿಸಿದರು. ‘ಬ್ಲೂ ಲೋಟಸ್’ ಪುಸ್ತಕದ ಗೋಡೆಗಳ ಮೇಲಿನ ಚೀನೀ ಅಕ್ಷರಗಳು ಸುಮ್ನೆ ಗೀಚಿದವಲ್ಲ, ಅವಕ್ಕೆ ನಿಜವಾದ ಅರ್ಥ ಇದೆ. ಅವರ ಹೆಸರಿನದೇ ಒಬ್ಬ ಹುಡುಗ ಆ ಕಥೆಯಲ್ಲಿ ಟಿನ್‌ಟಿನ್‌ಗೆ ಗೆಳೆಯನಾದ. ಅಲ್ಲಿಂದ ಮುಂದೆ ಎರ್ಜೆ ಯಾವ ದೇಶದ ಬಗ್ಗೆ ಬರೆಯುವುದಾದರೂ ಮೊದಲು ಓದಿ, ಚಿತ್ರ ಸಂಗ್ರಹಿಸಿ, ಆಮೇಲೆ ಬರೆದರು.

ಆ ಗೆಳೆಯನನ್ನೇ ಹುಡುಕಿಕೊಂಡು ಹೋಗುವ ಕಥೆ ಟಿಬೆಟ್‌ನದು. 1960ರಲ್ಲಿ ಪುಸ್ತಕವಾಗಿ ಬಂತು. ಸರಣಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಅದರಲ್ಲಿ ಖಳನೇ ಇಲ್ಲ. ವಿಮಾನ ಬಿದ್ದಿದೆ, ಗೆಳೆಯ ಸತ್ತ ಅಂತ ಎಲ್ಲರೂ ಹೇಳುತ್ತಾರೆ, ಇವನೊಬ್ಬ ನಂಬುವುದಿಲ್ಲ, ಅಷ್ಟೇ ಕಥೆ. ಆ ಹೊತ್ತಿಗೆ ಎರ್ಜೆ ಮನಸ್ಸು ಕದಡಿಹೋಗಿತ್ತು. ಮೇಲಿಂದ ಮೇಲೆ ಬರೀ ಬಿಳಿಯೇ ತುಂಬಿದ ಕನಸು ಬೀಳುತ್ತಿದ್ದವು. ಈ ಕೆಲಸ ನಿಲ್ಲಿಸಿ ಅಂತ ಮನೋವೈದ್ಯರು ಹೇಳಿದರೂ ಬರೆದು ಮುಗಿಸಿದರು. ಪುಟ ತುಂಬ ಹಿಮದ ಬಿಳಿ, ಅದರ ನಡುವೆ ಎರಡು ಮೂರು ಸಣ್ಣ ಮನುಷ್ಯರು. ಮೊದಲು ಅರ್ಧ ಗಂಟೆಯಲ್ಲಿ ಓದಿ ಮುಗಿಸುತ್ತಿದ್ದಾಗ ಆ ಬಿಳಿ ನನಗೆ ಕಂಡಿರಲೇ ಇಲ್ಲ.

ಮಡಿಚಿದಪುಟ

ಟಿಬೆಟ್‌ನದು ಓದುತ್ತೇನೆ. ಕಾಂಗೋ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಹಾಳೆಹಕ್ಕಿ

ಬದಲಾಗಬೇಕಾಗಿಯೂ ಇಲ್ಲ.

ನೀಲಿಶಾಯಿ

ಬಿಳಿ ಅಂದಾಗ ‘ಕ್ಯಾಲ್ವಿನ್ ಆ್ಯಂಡ್ ಹಾಬ್ಸ್’ ನೆನಪಾಯಿತು. ಅದರ ಕೊನೆಯ ಪಟ್ಟಿ 1995ರ ಡಿಸೆಂಬರ್ 31ರದು. ಹೊಸದಾಗಿ ಬಿದ್ದ ಹಿಮ, ಹುಡುಗ, ಅವನ ಹುಲಿ, ಜಾರುಬಂಡಿ. ಹೆಚ್ಚಿನ ಭಾಗ ಖಾಲಿ. ಅದನ್ನು ಬರೆದ ವಾಟರ್ಸನ್ ಆ ಖಾಲಿ ಜಾಗಕ್ಕಾಗಿಯೇ ಜಗಳ ಮಾಡಿದವರು. ಭಾನುವಾರದ ಪಟ್ಟಿಯನ್ನು ಪತ್ರಿಕೆಗಳು ತಮಗೆ ಬೇಕಾದ ಹಾಗೆ ತುಂಡು ಮಾಡಿ ಜೋಡಿಸುತ್ತಿದ್ದವು. 1992ರಿಂದ ಅವರು ಅದನ್ನು ತುಂಡು ಮಾಡಲಾಗದ ಅರ್ಧ ಪುಟವಾಗಿ ಕೊಟ್ಟರು. ಆಮೇಲಿನ ಭಾನುವಾರಗಳನ್ನು ನೋಡಿ, ಚೌಕಗಳು ಎಷ್ಟು ನಿರಾಳವಾಗಿ ಕಾಲು ಚಾಚಿವೆ ಅಂತ. ಆ ಹುಲಿಯನ್ನು ಆಟಿಕೆಯಾಗಿ ಮಾರಲೂ ಅವರು ಬಿಡಲಿಲ್ಲ. ನನಗೆ ಅವರ ಮೇಲೆ ತುಂಬಾ ಗೌರವ.

ಕಪಾಟುಮೂಲೆ

ದಪ್ಪ ಪುಸ್ತಕಗಳನ್ನು ಅರ್ಧಕ್ಕೆ ಬಿಟ್ಟರೆ ನನಗೆ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ. ‘ಮಲೆಗಳಲ್ಲಿ ಮದುಮಗಳು’ ಎರಡು ಸಲ ಹಿಡಿದು ಎರಡು ಸಲವೂ ಬಿಟ್ಟೆ. ಎಷ್ಟೊಂದು ಜನ ಬರುತ್ತಾರೆ, ನೆನಪಿಟ್ಟುಕೊಳ್ಳಲು ಆಗುವುದಿಲ್ಲ.

ತಿರುವುಪುಟ

ಬಿಡಿ, ತಪ್ಪಿಲ್ಲ. ಫ್ರೆಂಚ್ ಲೇಖಕ ದಾನಿಯಲ್ ಪೆನಾಕ್ 1992ರಲ್ಲಿ ಓದುಗರಿಗೆ ಹತ್ತು ಹಕ್ಕು ಬರೆದುಕೊಟ್ಟಿದ್ದಾರೆ. ಮೊದಲನೆಯದೇ ಓದದೆ ಇರುವ ಹಕ್ಕು. ಎರಡನೆಯದು ಪುಟ ಹಾರಿಸುವ ಹಕ್ಕು, ಮೂರನೆಯದು ಮುಗಿಸದೆ ಇರುವ ಹಕ್ಕು. ನಾನು ಮೂರನ್ನೂ ಬಳಸುತ್ತೇನೆ.

ಆದರೆ ಮದುಮಗಳಿಗೆ ಮೂರನೆಯ ಸಲ ಒಂದು ಅವಕಾಶ ಕೊಡಿ. ನಾನೂ ಮೊದಲ ಸಲ ನಾಯಕ ಯಾರು ಅಂತ ಹುಡುಕುತ್ತಾ ಸುಸ್ತಾದೆ. ಅದರಲ್ಲಿ ಒಬ್ಬ ನಾಯಕ ಅಂತ ಇಲ್ಲವೇ ಇಲ್ಲ. ಕುವೆಂಪು ಪಾಲಿಗೆ ಆ ಕಾಡು, ಗುತ್ತಿಯ ನಾಯಿ ಹುಲಿಯ, ಎಲ್ಲರೂ ಸಮ. ಹೆಸರು ನೆನಪಿಟ್ಟುಕೊಳ್ಳುವ ಹಟ ಬಿಟ್ಟು ಗುತ್ತಿಯ ಹಿಂದೆ ಸುಮ್ನೆ ನಡೆದುಕೊಂಡು ಹೋಗಿ. ಯಾರು ಯಾರು ಅಂತ ತಾನಾಗಿ ಗೊತ್ತಾಗುತ್ತದೆ. ನಾನು ಹಾಗೇ ಓದಿದ್ದು.

ಹಾಳೆಹಕ್ಕಿ

ಮೆಕ್ಲೌಡ್ ಹೇಳಿದ ಕಣ್ಣು ಅಲೆಯುವ ಓದು ಅಂದರೆ ಇದೇ. ತಿರುವುಪುಟ ಅವರೇ, ಮಾತಿನ ಕಡೆಯವರಾಗಿ ನೀವೇ ಇದನ್ನು ಹೇಳಿದಿರಿ!

ತಿರುವುಪುಟ

ಹೇಳುತ್ತೇನೆ ಕೇಳಿ. ನಿಮ್ಮ ಮೊದಲ ಬರಹ ಓದಿದ ಮೇಲೆ ಮೊನ್ನೆ ಒಂದು ಕೆಲಸ ಮಾಡಿದೆ. ನಾನು ಬಾಯಿಪಾಠ ಇಟ್ಟುಕೊಂಡಿರುವ ಒಂದು ಆಸ್ಟರಿಕ್ಸ್ ತೆಗೆದು, ಒಂದೊಂದು ಪುಟದಲ್ಲೂ ಬಲೂನುಗಳ ಮೇಲೆ ಕಾಗದದ ತುಂಡು ಇಟ್ಟು ನೋಡಿದೆ. ಮೊದಲ ಹತ್ತು ಪುಟ ಹಿಂಸೆಯಾಯಿತು. ಮಾತೆಲ್ಲ ತಲೆಯೊಳಗೇ ಕೇಳಿಸುತ್ತಿತ್ತು. ಆಮೇಲೆ ಜಗಳದ ಒಂದು ಪುಟ ಬಂತು. ಮುಂದೆ ಇಬ್ಬರು ಹೊಡೆದಾಡುತ್ತಿದ್ದಾರೆ. ಹಿಂದೆ ಒಬ್ಬಳು ಹೆಂಗಸು ಮಗುವಿನ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದಾಳೆ. ಮಗು ತಿರುಗಿ ನೋಡುತ್ತಿದೆ. ಮಗುವಿಗೆ ಜಗಳ ನೋಡುವ ಆಸೆ. ಆ ಮಗುವಿಗೆ ಬಲೂನಿಲ್ಲ. ಇಷ್ಟು ವರ್ಷದಲ್ಲಿ ನಾನು ಅದನ್ನು ಒಂದು ಸಲವೂ ನೋಡಿರಲಿಲ್ಲ.

ಕಾಗದ ತೆಗೆದು ಮತ್ತೆ ಮಾತಿನ ಜೊತೆಗೇ ಓದಿದೆ. ಮಾತು ನನಗೆ ಬೇಕೇ ಬೇಕು. ಆದರೆ ಆ ಮಗು ಈಗ ಹೋಗುವುದಿಲ್ಲ. ನಿಮ್ಮ ಅಕ್ಕನ ಮಗಳಿಗೆ ಈಗ ಓದಲು ಬರುತ್ತದಾ?

ಹಾಳೆಹಕ್ಕಿ

ಬರುತ್ತದೆ. ಈಗ ಅವಳಿಗೆ ಎಂಟು ವರ್ಷ. ಅಕ್ಷರ ಬಂದ ಮೇಲೆ ಅವಳೂ ನನ್ನ ಹಾಗೇ ಬಲೂನು ಮಾತ್ರ ಓದಿಕೊಂಡು ಓಡುತ್ತಾಳೆ. ನಾನು ತಡೆಯುವುದಿಲ್ಲ. ಮುಂದೆ ಏನಾಯಿತು ಅನ್ನುವ ಆತುರವೂ ಒಂದು ಸುಖ. ಮುಗಿದ ಮೇಲೆ ‘ಇನ್ನೊಂದ್ಸಲ’ ಅಂತ ಮೊದಲ ಪುಟಕ್ಕೆ ಬರುತ್ತಾಳೆ. ಆಗ ಪಕ್ಕದಲ್ಲಿ ಹೋಗಿ ಕೂರುತ್ತೇನೆ. ನೀಲಿಶಾಯಿ ಅವರೇ, ‘ಬಿಕೋ’ ಬರೆದ ಆ ಪುಟ ಅವಳಿಗೆ ತೋರಿಸಬೇಕು ಅಂತ ಆಸೆ. ಒಂದು ಫೋಟೋ ಹಾಕುತ್ತೀರಾ?

ನೀಲಿಶಾಯಿ

ಇವತ್ತು ಸಂಜೆ ಹಾಕುತ್ತೇನೆ. ಅಂಟು ಸ್ವಲ್ಪ ಬಿಟ್ಟಿದೆ, ಮತ್ತೆ ಅಂಟಿಸಿ ತೆಗೆಯುತ್ತೇನೆ.